ಕುಲುಮೆಗೆ ಹೋದ ಕೊಡೆಬಿಲ್ಲೆ

ಆ ಬಿಲ್ಲೆಯನ್ನು ಅವನು ನನ್ನ ಕೈಗೆ ಕೊಟ್ಟ. ನನ್ನ ಗಂಡನ ಕೈಗಲ್ಲ, ಮಾವನವರ ಕೈಗಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ. ಉಳಿದದ್ದನ್ನು ನಡೆದ ಕ್ರಮದಲ್ಲಿ, ನೆನಪಿರುವಷ್ಟು ಮಾತ್ರ ಹೇಳುತ್ತೇನೆ.

ದೊಡ್ಡ ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ಮಧುಗಿರಿಯಲ್ಲಿ ಬೆಟ್ಟದ ಬುಡದ ಬೀದಿಯಲ್ಲಿ ನಮ್ಮದು ಎರಕದವರ ಮನೆ. ಬೀದಿಗೆ ಜಗಲಿ, ಒಳಗೆ ಅಂಗಡಿ, ಹಿತ್ತಿಲಲ್ಲಿ ಕುಲುಮೆ. ಮನೆಯಲ್ಲಿ ಮೂರೇ ಜನ. ಮಾವನವರು ದೇವರ ವಿಗ್ರಹ, ಗಂಟೆ, ಕಾಲುದೀಪ ಎರೆಯುತ್ತಿದ್ದರು. ನನ್ನ ಗಂಡ ಅವರಿಗೆ ನೆರವಾಗುತ್ತಿದ್ದರು, ಸಿರಾ, ಕೊರಟಗೆರೆ, ಪಾವಗಡದ ಸಂತೆಗಳಿಗೆ ಸರಕು ಒಯ್ದು ಮಾರುತ್ತಿದ್ದರು. ಮೇಣದ ಕೆಲಸ ನನ್ನದು. ಜೇನುಮೇಣಕ್ಕೆ ಗುಗ್ಗುಳ ಸೇರಿಸಿ, ಗೌಡಗೆರೆಯ ಗಾಣದಿಂದ ತಂದ ಕಡಲೆಕಾಯಿ ಎಣ್ಣೆ ಒಂದಿಷ್ಟು ಬಿಟ್ಟು ಕಾಯಿಸಿ, ಬೇಕಾದ ರೂಪವನ್ನು ಮೇಣದಲ್ಲಿ ಮಾಡಿಕೊಡಬೇಕು. ಅದರ ಮೇಲೆ ಮದಲೂರು ಕೆರೆಯ ನುಣುಪು ಮಣ್ಣನ್ನು ಮೊದಲ ಪದರವಾಗಿ ಬಳಿಯಬೇಕು. ಅದು ಒಣಗಿದ ಮೇಲೆ ಗಂಡಸರು ದಪ್ಪ ಮಣ್ಣು ಮೆತ್ತಿ, ಸುಟ್ಟು, ಮೇಣ ಇಳಿಸಿ, ಆ ಟೊಳ್ಳಿಗೆ ಲೋಹ ಎರೆಯುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲವು ವರ್ಷ ಓದಿದ್ದರಿಂದ ಬಂದ ಕೆಲಸವನ್ನು ಚೀಟಿಯಲ್ಲಿ ಬರೆದಿಡುವುದೂ ನನ್ನ ಪಾಲಿಗೆ ಬಂದಿತ್ತು.

ಅವನು ಬಂದಾಗ ನನ್ನ ಗಂಡ ಸಿರಾಕ್ಕೆ ಹೋಗಿದ್ದರು. ಮಾವನವರು ಊಟ ಮಾಡಿ ಮಲಗಿದ್ದರು. ಸುಮಾರು ಮೂವತ್ತು ವಯಸ್ಸಿನ ಆಳು, ಕಟ್ಟುಮಸ್ತು, ಬಿಸಿಲಿಗೆ ಕರಕಲಾದ ಮುಖ. ಮೈಮೇಲೆ ಸಾಧಾರಣ ಅಂಗಿ, ಪಂಚೆ. ತಲೆಗೆ ಮಾತ್ರ ದ್ರಾಕ್ಷಿ ಹಣ್ಣಿನ ಬಣ್ಣದ ಉಣ್ಣೆಯ ಟೋಪಿ, ಒಂದು ಪಕ್ಕಕ್ಕೆ ವಾಲಿಸಿದ್ದ. ಅವನ ಹಿಂದೆ ಬೀದಿಯ ಮೂರು ಜನ ಪಡ್ಡೆಗಳು ನಗುತ್ತಾ ಬಂದು ಎದುರು ಮನೆಯ ಗೋಡೆಗೆ ಒರಗಿ ನಿಂತರು.

"ಲೇ, ಕೊಡೆ ಎಲ್ಲಿ ಬುಟ್ಟು ಬಂದ್ಯೋ? ಬೆಟ್ಟದ್ ಮ್ಯಾಲಿಂದ ಒಂದ್ಸಲ ಎಗರಿ ತೋರ್ಸು ನೋಡಾನ" ಎಂದು ಅವರಲ್ಲೊಬ್ಬ ಕೂಗಿದ.

"ಬಿಳಿಯರ ಕೂಲಿ ಕಣ್ಲಾ ಅವ್ನು. ಹಾರ್ಸಿದ್ರೋ, ದಬ್ಬಿದ್ರೋ!" ಎಂದ ಇನ್ನೊಬ್ಬ.

ಅವನು ತಿರುಗಿ ನೋಡಲಿಲ್ಲ. ಟೋಪಿ ತೆಗೆದು, ಅದರ ಮೇಲಿದ್ದ ಬಿಲ್ಲೆಯನ್ನು ಬಿಡಿಸಿ ನನ್ನತ್ತ ಚಾಚಿದ.

"ಇದರ ಹಿಂದ್ಗಡೆ ಕೊಂಡಿ ಮುರ್ದೋಗೈತೆ ಕಣಮ್ಮ. ದಾರ ಕಟ್ಕೊಂಡು ತಿರುಗ್ತಾ ಇವ್ನಿ. ಒಂದು ಬೆಸುಗೆ ಹಾಕ್ಕೊಡಿ, ಸಾಕು. ಇನ್ನೇನೂ ಮಾಡ್ಬ್ಯಾಡಿ. ಉಜ್ಜಲೂ ಬ್ಯಾಡಿ."

ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಬಿಳಿ ಲೋಹ. ನಡುವೆ ಅರಳಿದ ಕೊಡೆ, ಅದರಿಂದ ಇಳಿಬಿದ್ದ ಹಗ್ಗಗಳು, ಎರಡು ಕಡೆ ಚಾಚಿದ ರೆಕ್ಕೆ. ಮೇಲೆ ಕಿರೀಟ, ಕಿರೀಟದ ಮೇಲೆ ನಿಂತ ಸಿಂಹ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇಂಡಿಯಾ ಎಂದಿತ್ತು. ಎಡ ರೆಕ್ಕೆಯ ತುದಿಯಲ್ಲಿ ಒಂದು ಗೀರು. ಹಿಂಬದಿಯಲ್ಲಿ ತಯಾರಿಸಿದವರ ಮುದ್ರೆ, ನನಗೆ ಓದಲಾಗದಷ್ಟು ಸಣ್ಣದು.

ಅವಸರವೇ ಎಂದು ಕೇಳಿದೆ. ಅದಕ್ಕೆ ಅವನು ಹೇಳಿದ್ದಿಷ್ಟು. ಅವನು ಕೊಳಾಲದ ಕಡೆಯವನು. ಸಿಪಾಯಿಯಾಗಿ ಉತ್ತರಕ್ಕೆ ಹೋದವನು ಅಲ್ಲಿ ವಿಮಾನದಿಂದ ಕೊಡೆ ಕಟ್ಟಿಕೊಂಡು ಹಾರುವ ಪಡೆಗೆ ಸೇರಿದ. ಎರಡು ವರ್ಷ ಅವನ ಕಾಗದಗಳು ಊರಿಗೆ ಮುಟ್ಟಲಿಲ್ಲ. ಅವನ ಹೆಂಡತಿಯನ್ನು ಅವಳ ಅಣ್ಣ ಪಾವಗಡದ ಆಚೆಯ ತಮ್ಮೂರಿಗೆ ಕರೆದುಕೊಂಡು ಹೋದ. ತನ್ನ ಭಾವ ಸಿಪಾಯಿಯೇ ಅಲ್ಲ, ಬೆಂಗಳೂರಿನ ದಂಡುಪ್ರದೇಶದಲ್ಲಿ ಹೋಟೆಲಿನ ತಟ್ಟೆ ತೊಳೆಯುತ್ತಿದ್ದ, ಕಳವು ಮಾಡಿ ಜೈಲಿಗೂ ಹೋಗಿದ್ದ ಎಂದು ಸಾರಿದ. ಪಡೆಯಿಂದ ಬಿಡುಗಡೆಯಾಗಿ ರೈಲಿನಲ್ಲಿ ಬರುವಾಗ ಗುಂತಕಲ್ಲಿನಲ್ಲಿ ಇವನ ಟ್ರಂಕು ಹೋಯಿತು. ಕಾಗದಪತ್ರವೆಲ್ಲ ಅದರಲ್ಲಿದ್ದವು. ನಕಲಿಗೆ ಬರೆದು ಹಾಕಿ ಐದು ತಿಂಗಳಾಗಿತ್ತು, ಉತ್ತರವಿಲ್ಲ. ಹೆಂಡತಿಯನ್ನು ಕಳಿಸಬೇಕೋ ಬೇಡವೋ ಎಂದು ಎರಡೂ ಕಡೆಯ ಹಿರಿಯರು ಹನ್ನೆರಡು ದಿನದಲ್ಲಿ ಕೂರುವವರಿದ್ದರು. ಸಿಪಾಯಿಯಾಗಿದ್ದಕ್ಕೆ ಏನಾದರೂ ಗುರುತು ತಂದು ತೋರಿಸು ಎಂದು ಹೇಳಿ ಕಳಿಸಿದ್ದರು.

"ಇದೊಂದೇ ಉಳ್ಕೊಂಡಿರೋದು. ತಲೆ ಮ್ಯಾಲಿತ್ತು, ಅದ್ಕೆ ಉಳೀತು" ಎಂದ.

ನಾನು ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ, ಮೇಲೆ "ಕೊಳಾಲದ ಕಡೆಯವರದು. ಬೆಸುಗೆ ಮಾತ್ರ" ಎಂದು ಬರೆದು ಗೋಡೆಯ ಗೂಡಿನಲ್ಲಿಟ್ಟೆ. ಎಂಟು ದಿನ ಬಿಟ್ಟು ಬಾ ಎಂದೆ. ಎರಡು ದಿನ ಎನ್ನಬೇಕಿತ್ತು. ಬೆಸುಗೆಗೆ ಅರ್ಧ ಗಂಟೆ ಸಾಕು. ಎಲ್ಲರಿಗೂ ಎಂಟು ದಿನ ಎನ್ನುವುದು ನಮ್ಮ ಅಂಗಡಿಯ ರೂಢಿ, ಬಾಯಿಗೆ ಅದೇ ಬಂತು.

ಮೂರನೆಯ ದಿನ ದಂಡಿನ ವ್ಯಾಪಾರಿ ಬಂದ. ಅವನು ಆಗಾಗ ಬರುತ್ತಿದ್ದ, ನಮ್ಮಲ್ಲಿ ಗಂಟೆ, ದೀಪ ಕೊಂಡು ಬೆಂಗಳೂರಿನ ದಂಡಿನಲ್ಲಿ ಬಿಳಿಯರಿಗೆ ಮಾರುತ್ತಿದ್ದ. ಈ ಸಲ ಅವನಿಗೆ ದೀಪ ಬೇಕಿರಲಿಲ್ಲ. ಯುದ್ಧ ಮುಗಿದು ಸಾಹೇಬರೆಲ್ಲ ತಮ್ಮ ದೇಶಕ್ಕೆ ಹೊರಟಿದ್ದರು. ಹೊರಡುವ ಮೊದಲು ಪಡೆಪಡೆಯ ಟೋಪಿ ಬಿಲ್ಲೆಗಳನ್ನು ಕೂಡಿಹಾಕುವ ಹುಚ್ಚು ಅವರಲ್ಲಿ ಹಲವರಿಗೆ ಹತ್ತಿತ್ತಂತೆ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಮಖಮಲ್ ಹಾಸಿ ಸಾಲಾಗಿ ಚುಚ್ಚಿಡುತ್ತಾರೆ, ಒಂದು ಕಡಿಮೆಯಾದರೆ ನಿದ್ದೆ ಬರುವುದಿಲ್ಲ ಎಂದು ನಗುತ್ತಾ ಹೇಳಿದ. ನನ್ನ ಗಂಡ ಗೂಡಿನಿಂದ ಪೊಟ್ಟಣ ತೆಗೆದು ತೋರಿಸಿದರು.

"ಅರೆ ವಾ! ಕೊಡೆಯವರದು!" ವ್ಯಾಪಾರಿ ಅದನ್ನು ಕನ್ನಡಕಕ್ಕೆ ಹತ್ತಿರ ಹಿಡಿದ. "ಇದೇ ಸಿಗೋಲ್ಲ ನೋಡಿ. ಇಂಥಾವು ಮೂವತ್ತು ಮಾಡಿಕೊಡ್ತೀರಾ? ಏಕ್‌ದಂ ಹಿಂಗೇ ಇರ್ಬೇಕು. ಹೊಸಾದು ಅಂತ ಕಾಣಬಾರದು, ಸಮಝ್ಯಾ? ಲಡಾಯಿ ಮಾಡಿ ಬಂದಂಗೆ ಕಾಣ್ಬೇಕು."

"ಅದು ಇನ್ನೊಬ್ಬರದು, ಬೆಸುಗೆಗೆ ಬಂದಿರೋದು" ಎಂದು ನಾನು ಬಾಗಿಲ ಹಿಂದಿನಿಂದ ಹೇಳಿದೆ.

ನನ್ನ ಗಂಡ ನನ್ನ ಕಡೆ ನೋಡದೆಯೇ ಉತ್ತರ ಕೊಟ್ಟರು. "ಅಚ್ಚು ತೆಗೆದ್ರೆ ಸವೆದೋಯ್ತದಾ? ಅಚ್ಚು ತಗೊಂಡು, ಬೆಸುಗೆ ಹಾಕಿ, ಕೊಟ್ಟು ಕಳಿಸಾನ ಬುಡು. ಅವ್ನಿಗೇನು ನಷ್ಟ?"



ಹೋಗುವಾಗ ವ್ಯಾಪಾರಿ ಜಗಲಿಯಲ್ಲಿ ನಿಂತು ದನಿ ತಗ್ಗಿಸಿದ. ಬಿಲ್ಲೆಯ ಮೇಲೆ ದೊರೆಯ ಕಿರೀಟವಿದೆ, ಯಾರಾದರೂ ಕೇಳಿದರೆ ಕೋಟಿನ ಗುಂಡಿ ಎನ್ನಿ, ಪೊಲೀಸರಿಗೆ ಗೊತ್ತಾದರೆ ಕುಲುಮೆಗೆ ಬೀಗ ಬೀಳುತ್ತದೆ ಎಂದ. ಮೂವತ್ತರ ಜೊತೆಗೆ ಇನ್ನೂ ಆರು ಎರೆಯುವುದೆಂದು ನನ್ನ ಗಂಡ ತೀರ್ಮಾನಿಸಿದರು. ಸಿರಾದ ಒಂದು ನಾಟಕ ಮಂಡಳಿಯವರು ಯುದ್ಧದ ಆಟವೊಂದನ್ನು ಆಡುತ್ತಿದ್ದರು. ಅದರಲ್ಲಿ ಆರು ಜನ ಸಿಪಾಯಿಗಳು ಬಟ್ಟೆಯ ಕೊಡೆ ಹಿಡಿದು, ಹಗ್ಗದಲ್ಲಿ ಮೇಲಿನಿಂದ ರಂಗಕ್ಕೆ ಇಳಿಯುವ ದೃಶ್ಯವಿತ್ತು. ಟೋಪಿಗೆ ರಟ್ಟಿನ ಬಿಲ್ಲೆ ಅಂಟಿಸಿಕೊಂಡಿದ್ದ ಅವರು ಲೋಹದ್ದಾದರೆ ದೀಪಕ್ಕೆ ಮಿಂಚುತ್ತದೆ ಎಂದು ನನ್ನ ಗಂಡನನ್ನು ಕೇಳಿದ್ದರಂತೆ.

ಮೂವತ್ತಾರು ಮೇಣದ ಬಿಲ್ಲೆಗಳನ್ನು ನಾನೇ ಮಾಡಿದೆ. ಅರಗಿನಲ್ಲಿ ಎರಡು ಹೋಳಿನ ಅಚ್ಚು ತೆಗೆದು, ಮೇಣ ಒತ್ತಿ, ಒಂದೊಂದನ್ನೂ ಸೂಜಿಯಿಂದ ತಿದ್ದಿದೆ. ಸಿಂಹದ ಬಾಲ ಮೇಣದಲ್ಲಿ ನಿಲ್ಲುತ್ತಿರಲಿಲ್ಲ, ಅದಕ್ಕೆ ಕೂದಲೆಳೆಯಂಥ ಮೇಣದ ದಾರ ಹೊಸೆದು ಕೂರಿಸಿದೆ. ಅಕ್ಷರಗಳನ್ನು ಮತ್ತೆ ಚೂಪು ಮಾಡಿದೆ. ಗೀರನ್ನು ಮಾತ್ರ ಎಲ್ಲದರಲ್ಲೂ ಮುಚ್ಚಿದೆ. ಕೆಲಸ ಚೆನ್ನಾಗಿ ಬಂದಿತ್ತು. ಹಾಗೆ ಅನ್ನಿಸಿ ಸಂತೋಷವೂ ಆಗಿತ್ತು, ಅದನ್ನು ಬಿಟ್ಟು ಬರೆದರೆ ಸರಿಯಾಗದು.

ಎರಕದ ದಿನ ನಾನು ಕೆರೆಯ ಮಣ್ಣು ಸೋಸಲು ಹಿಂದಿನ ಬಾವಿಯ ಹತ್ತಿರ ಕೂತಿದ್ದೆ. ಮಾವನವರು ಮೂಸೆಗೆ ಹಳೆಯ ಜರ್ಮನ್ ಸಿಲ್ವರ್ ತಟ್ಟೆಗಳ ಚೂರು ತುಂಬುತ್ತಿದ್ದರು. ನಾನು ಎದ್ದು ಬರುವಷ್ಟರಲ್ಲಿ ಎರೆದು ಮುಗಿಸಿದ್ದರು. ಕುಲುಮೆಯ ಪಕ್ಕದ ಕಲ್ಲಿನ ಮೇಲೆ ನನ್ನ ಅಕ್ಷರವಿದ್ದ ಕಾಗದ ನಾಲ್ಕು ಮಡಿಕೆಯಾಗಿ ಅಚ್ಚುಕಟ್ಟಾಗಿ ಇತ್ತು. ಅದರೊಳಗೆ ಏನೂ ಇರಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಕಟ್ಟಳೆಯಿದೆ. ವಿಗ್ರಹದ ಬೆರಳು ಮುರಿದರೂ ಅದು ಭಿನ್ನವಾಯಿತು. ಭಿನ್ನವಾದದ್ದಕ್ಕೆ ಬೆಸುಗೆ ಹಾಕುವುದಿಲ್ಲ. ಹೊಸದನ್ನು ಎರೆಯುವಾಗ ಹಳೆಯದನ್ನು ತೊಳೆದು, ಕುಂಕುಮವಿಟ್ಟು, ಮೂಸೆಗೆ ಮೊದಲು ಅದನ್ನು ಹಾಕುತ್ತಾರೆ. ಹಳೆಯದರ ಸತ್ವ ಹೊಸದಕ್ಕೆ ಇಳಿಯುತ್ತದೆ, ಏನೂ ಕಳೆದುಹೋಗುವುದಿಲ್ಲ ಎಂಬುದು ನಂಬಿಕೆ. ಬಿಂದಿಗೆ, ಸೌಟುಗಳಿಗೆ ಈ ಕಟ್ಟಳೆಯಿಲ್ಲ, ಅವಕ್ಕೆ ಬೆಸುಗೆ ಹಾಕುತ್ತಿದ್ದೆವು. ಆದರೆ ಮಾವನವರ ಕಣ್ಣಿಗೆ ಅದು ಸೌಟಿನಂತೆ ಕಾಣಲಿಲ್ಲ.

"ರೆಕ್ಕೆ ಇತ್ತು, ಮ್ಯಾಲೆ ಸಿಂಹ ಇತ್ತು, ಕಿರೀಟ ಇತ್ತು" ಎಂದರು ಅವರು, ಬೆವರು ಒರೆಸಿಕೊಳ್ಳುತ್ತಾ. "ಅಂಥಾದ್ದಕ್ಕೆ ತೇಪೆ ಹಾಕಿ ಕೊಟ್ರೆ ಕೊಂಡೋದೋನ್ಗೆ ಒಳ್ಳೇದಾಯ್ತದಾ? ಈಗ ಮೂವತ್ತಾರರಲ್ಲೂ ಅದೇ ಐತೆ. ಚೆನ್ನಾಗಿರೋದು ಒಂದು ಆರಿಸಿ ಕೊಡು. ಅವ್ನಿಗೆ ಭೇಷಾಯ್ತದೆ."

ಅವರು ಬಿಲ್ಲೆಯನ್ನು ತೊಳೆದಿದ್ದರು, ಕುಂಕುಮವಿಟ್ಟಿದ್ದರು. ಗುರುತಿಲ್ಲದ ಒಬ್ಬ ಸಿಪಾಯಿಗೆ ದೇವಸ್ಥಾನದವರಿಗೆ ಮಾಡುವಷ್ಟು ಮರ್ಯಾದೆ ಮಾಡಿದ್ದೇನೆಂದು ಅವರು ತಿಳಿದಿದ್ದರು. ನಾನು ಚೀಟಿಯಲ್ಲಿ ಬರೆದದ್ದನ್ನು ಅವರು ಓದಿರಲಿಲ್ಲ. ಅವರಿಗೆ ಓದು ಬರುತ್ತಿತ್ತು. ಓದುವ ಅಗತ್ಯ ಕಾಣಲಿಲ್ಲವಂತೆ.

ನಾನು ಆರಿಸಿಟ್ಟದ್ದು ಮೂವತ್ತಾರರಲ್ಲಿ ಅತ್ಯುತ್ತಮವಾದದ್ದು. ವ್ಯಾಪಾರಿಯ ಮೂವತ್ತನ್ನು ಹುಣಿಸೆಹುಳಿ, ಉಪ್ಪಿನಲ್ಲಿ ನೆನೆಸಿ ಮಂಕು ಮಾಡಿ, ಬೀಗದ ಕೈಯಿಂದ ಅಲ್ಲಲ್ಲಿ ತಟ್ಟಿ, ಯುದ್ಧ ಮಾಡಿ ಬಂದ ಹಾಗೆ ಮಾಡಿದೆವು. ಮೂವತ್ತು ದಂಡಿಗೆ ಹೋದವು. ನಾಟಕದವರಿಗೆ ಐದು ಸಾಕೆಂದು ಸಿರಾಕ್ಕೆ ಐದು ಹೋದವು.

ಎಂಟನೆಯ ದಿನ ಅವನು ಬಂದ. ಮಾವನವರೂ ನನ್ನ ಗಂಡನೂ ಜಗಲಿಯಲ್ಲೇ ಇದ್ದರು. ಬಿಲ್ಲೆಯನ್ನು ಅಂಗೈ ಮೇಲಿಟ್ಟುಕೊಂಡು, ಮೇಲಕ್ಕೆ ಚಿಮ್ಮಿ ಹಿಡಿದು ತೂಕ ನೋಡಿದ. ಹಿಂದೆ ತಿರುಗಿಸಿದ. ಕೊಂಡಿ ಗಟ್ಟಿಯಾಗಿತ್ತು, ಮುದ್ರೆ ಇರಲಿಲ್ಲ.

"ಇದು ನಂದಲ್ಲ."

"ನಿಂದಕ್ಕಿಂತ ಚೆನ್ನಾಗೈತಲ್ಲಪ್ಪ" ಎಂದರು ನನ್ನ ಗಂಡ.

"ಚೆನ್ನಾಗಿರೋದು ಯಾವನ್ ಕೇಳ್ದ? ನಂದೆಲ್ಲಿ?"

ಮಾವನವರು ತಾವು ಮಾಡಿದ್ದನ್ನು ಮುಚ್ಚಿಡಲಿಲ್ಲ. ನಿಧಾನವಾಗಿ, ಮಗುವಿಗೆ ತಿಳಿಸುವ ಹಾಗೆ ಹೇಳಿದರು. ಅವನು ಕೇಳುತ್ತಾ ಟೋಪಿ ತೆಗೆದು ಹೊಸ ಬಿಲ್ಲೆಯನ್ನು ಹಳೆಯ ಜಾಗದಲ್ಲಿಟ್ಟ. ಟೋಪಿಯ ಬಟ್ಟೆ ಬಿಸಿಲಿಗೆ ಮಾಸಿತ್ತು, ಬಿಲ್ಲೆ ಇದ್ದ ಜಾಗ ಮಾತ್ರ ಮೊದಲಿನ ಗಾಢ ಬಣ್ಣದಲ್ಲೇ ಉಳಿದಿತ್ತು. ಹೊಸ ಬಿಲ್ಲೆಯ ಸುತ್ತ ಆ ಬಣ್ಣ ದಾರದಷ್ಟು ಅಗಲಕ್ಕೆ ಎದ್ದು ಕಾಣುತ್ತಿತ್ತು. ಲೋಹ ಆರುವಾಗ ಕುಗ್ಗುತ್ತದೆ. ನಕಲು ಅಸಲಿಗಿಂತ ಯಾವಾಗಲೂ ಕೂದಲಷ್ಟು ಸಣ್ಣದು. ಅದು ನಮಗೆ ಗೊತ್ತು, ಹೊರಗಿನವರಿಗೆ ಗೊತ್ತಿರುವುದಿಲ್ಲ.

"ಕುಂಕುಮ ಇಟ್ರಾ?" ಎಂದ ಅವನು. ದನಿ ಏರಿರಲಿಲ್ಲ. "ಕುಂಕುಮ ಇಟ್ಟು ಸುಟ್ರಾ? ನಾನೇನ್ ಸತ್ತೋಗಿದ್ನಾ? ನಾನ್ ಕೇಳಿದ್ದು ಒಂದು ಬೆಸುಗೆ. ಕಳ್ಳ ನನ್ಮಕ್ಳಾ, ಒಂದು ಬೆಸುಗೆ ಕೇಳ್ದೆ!"

"ಹಿರಿಯರ್ ಮುಂದೆ ಬಾಯಿ ಬಿಗಿಹಿಡಿದು ಮಾತಾಡು" ಎಂದು ನನ್ನ ಗಂಡ ಎದ್ದರು.

ಅವನು ಜಗಲಿಯ ಕಂಬಕ್ಕೆ ಮುಷ್ಟಿಯಿಂದ ಗುದ್ದಿದ. ಸೂರಿನ ಮಣ್ಣು ಉದುರಿತು. ಬೀದಿಯಲ್ಲಿ ಜನ ಸೇರಿದರು. ಯಾರೂ ಅವನ ಪರವಾಗಿರಲಿಲ್ಲ. ಹೋಗಿದ್ದು ನಿಜವಾದರೆ ಬಿಳಿಯರ ಕೂಲಿ, ನಿಜವಲ್ಲದಿದ್ದರೆ ಸುಳ್ಳ. ಯಾವುದಾದರೂ ಸರಿ, ಬೀದಿಗೆ ಅವನ ಮೇಲೆ ಸಿಟ್ಟೇ ಇತ್ತು. ಅಷ್ಟು ಹೊತ್ತೂ ಅವನು ನನ್ನ ಕಡೆ ನೋಡಲಿಲ್ಲ. ಹೊರಡುವಾಗ ನೋಡಿದ. ಹೊಸ ಬಿಲ್ಲೆಯನ್ನು ಬಿಸಾಡುತ್ತಾನೆಂದು ಎಣಿಸಿದ್ದೆ. ಬಿಸಾಡಲಿಲ್ಲ. ಬೇರೆ ಏನೂ ಇರಲಿಲ್ಲವಲ್ಲ, ಟೋಪಿಗೆ ಚುಚ್ಚಿಕೊಂಡು ಹೋದ.

ಅದೇ ವಾರ ಅವನ ಹೆಂಡತಿಯ ಅಣ್ಣ ಸಿರಾದ ಸಂತೆಗೆ ಬಂದವನು ಆ ನಾಟಕ ನೋಡಿದನಂತೆ. ಹಗ್ಗದಲ್ಲಿ ಇಳಿದ ಸಿಪಾಯಿಗಳ ಟೋಪಿಯ ಮೇಲೆ ತನ್ನ ಭಾವ ತೋರಿಸುತ್ತಾ ತಿರುಗುವ ಬಿಲ್ಲೆಯೇ ಇತ್ತು. ವೇಷ ಕಳಚುತ್ತಿದ್ದ ನಟನೊಬ್ಬನಿಂದ ಒಂದನ್ನು ಕೇಳಿ ಪಡೆದು, ಎಲ್ಲಿಯದೆಂದು ವಿಚಾರಿಸಿಕೊಂಡ. ಹೀಗಾಗಿ ಕೊಳಾಲದಲ್ಲಿ ಕೂರಬೇಕಿದ್ದ ಹಿರಿಯರು ನಮ್ಮ ಜಗಲಿಗೇ ಬಂದರು.

ನಾಲ್ಕು ಜನ ಬಂದಿದ್ದರು, ಎರಡು ಕಡೆಯಿಂದ ಇಬ್ಬರಿಬ್ಬರು. ಅವರಲ್ಲಿ ತೀರ ವಯಸ್ಸಾದ ಕೊಳಾಲದ ಮುದುಕರು ಮಾತು ನಡೆಸುವವರು. ಮಾತು ಇತ್ಯರ್ಥವಾದರೆ ಅಲ್ಲಿಂದಲೇ ಗಂಡನ ಜೊತೆ ಕಳಿಸಿಬಿಡೋಣವೆಂದು ಹುಡುಗಿಯನ್ನೂ ಕರೆತಂದಿದ್ದರು. ಗಾಡಿ ಬೀದಿಯ ಕೊನೆಯ ನೆರಳಲ್ಲಿ ನಿಂತಿತ್ತು. ನಾನು ಚೊಂಬಿನಲ್ಲಿ ನೀರು ಒಯ್ದು ಕೊಟ್ಟೆ. ಇಪ್ಪತ್ತೆರಡು, ಇಪ್ಪತ್ಮೂರರ ಹೆಣ್ಣು. ಮಡಿಲಲ್ಲಿ ಬಟ್ಟೆಯ ಗಂಟು, ಹೊಸದಾಗಿ ಹೆಣೆದ ಜಡೆ. ಹೋಗುವ ಸಿದ್ಧತೆಯಲ್ಲೇ ಬಂದಿದ್ದಳು.

"ಅಕ್ಕಾ, ಅವ್ರು ಆಕಾಶದಿಂದ ದೂಕಿದ್ರಂತೆ, ನಿಜಮಾ?" ಎಂದು ಮೆಲ್ಲಗೆ ಕೇಳಿದಳು. ಪಾವಗಡದ ಕಡೆ ಹಾರುವುದಕ್ಕೆ ಹಾಗೆ ಅನ್ನುತ್ತಾರೆ.

"ನಂಗೊತ್ತಿಲ್ಲ ಕಣಮ್ಮ" ಎಂದೆ.

ನಾನು ಹಿಂತಿರುಗುವಾಗ ನನ್ನ ಗಂಡ ಹಿತ್ತಿಲ ಬಾಗಿಲಲ್ಲಿ ಕಾದಿದ್ದರು. "ಏನು ಕೇಳ್ತಾರೋ ಅಷ್ಟಕ್ಕೇ ಉತ್ತರ ಕೊಡು. ಮೂವತ್ತರ ವಿಚಾರ ಬಂತೋ, ಕುಲುಮೆ ಹೋಯ್ತು. ಅಪ್ಪನ ಹೆಸರು ಎತ್ತಿದ್ಯೋ, ಅವರು ಊಟ ಬುಡ್ತಾರೆ" ಎಂದರು. ಮಾವನವರು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಿಪಾಯಿ ಬೈದು ಹೋದಂದಿನಿಂದ ಅವರು ಕುಲುಮೆಗೆ ಬೆಂಕಿ ಹಾಕಿರಲಿಲ್ಲ.

ಜಗಲಿಯಲ್ಲಿ ಹೆಂಡತಿಯ ಅಣ್ಣ ತನ್ನ ಬಿಲ್ಲೆಯನ್ನು ಹಿರಿಯರ ಮುಂದೆ ಇಟ್ಟ. "ಸೂಡಂಡಿ, ನೋಡ್ರಿ, ಇದು ನಾಟಕದೋರ್ದು. ಅದು ನಮ್ಮ ಭಾವಂದು. ತೇಡಾ, ವ್ಯತ್ಯಾಸ ಏನನ್ನಾ ಐತಾ? ಇಂಥ ಬಿಲ್ಲೆ ಹಾಕ್ಕೊಂಡೋರೆಲ್ಲ ಮೊಗುಡು, ಗಂಡ ಅಂದ್ರೆ, ನಮ್ಮ ಹುಡುಗೀನ ಆ ಐದು ಜನ ವೇಷದೋರ್ಗೂ ಕಳಿಸ್ಬೇಕಲ್ಲಾ?"

ಹಿರಿಯರು ನಕ್ಕರು. ಬೀದಿ ಇನ್ನೂ ಜೋರಾಗಿ ನಕ್ಕಿತು.

ಸಿಪಾಯಿ ತನ್ನ ಟೋಪಿ ತೋರಿಸಿದ. "ಇದು ಇವ್ರು ಎರೆದಿದ್ದು. ನಂದು ಬ್ಯಾರೆ ಇತ್ತು. ಗುರುತು ನೋಡಿ, ಇದಕ್ಕಿಂತ ದೊಡ್ಡದೈತೆ. ನನ್ನದನ್ನ ಇವ್ರು ಕರಗಿಸ್ಬುಟ್ರು."

"ಟೋಪೀನೂ ಎಲ್ಲೋ ತಗೊಂಡಿದ್ದಿರ್ಬೌದು" ಎಂದರು ಪಾವಗಡದವರೊಬ್ಬರು.

ಹಾಗಾದರೆ ಹಾರಿದ್ದನ್ನೇ ತೋರಿಸುತ್ತೇನೆ ಎಂದು ಅವನು ಬೀದಿಗೆ ಕಾಣುವಂತಿದ್ದ ನಮ್ಮ ಹಿತ್ತಿಲ ಗೋಡೆ ಹತ್ತಿದ. ಆಳೆತ್ತರಕ್ಕೆ ಮೊಳ ಹೆಚ್ಚಿರಬಹುದು. ಎರಡು ಪಾದಗಳನ್ನೂ ಅಂಟಿಸಿ ಹಿಡಿದು, ಮೊಣಕಾಲು ಸ್ವಲ್ಪ ಮಡಿಸಿ, ಗದ್ದವನ್ನು ಎದೆಗೊತ್ತಿ ಹಾರಿದ. ನೆಲ ಮುಟ್ಟಿದ ಕೂಡಲೇ ಪಕ್ಕಕ್ಕೆ ಉರುಳಿ ಎದ್ದು ನಿಂತ. ಮತ್ತೆ ಹತ್ತಿದ, ಮತ್ತೆ ಹಾರಿದ. ಮೂರು ಸಲವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ರೀತಿ. ಕೈಗೆ ಹತ್ತಿದ ಕೆಲಸ ಹೇಗಿರುತ್ತದೆಂದು ನಮ್ಮ ಮನೆಯವರಿಗೆ ಗೊತ್ತು. ಅದನ್ನು ಯಾರೋ ಅವನಿಗೆ ನೂರಾರು ಸಲ ಮಾಡಿಸಿ ಕಲಿಸಿದ್ದರು. ಆ ಕ್ಷಣದಲ್ಲಿ ನನಗೆ ಇದ್ದಬದ್ದ ಸಂಶಯವೂ ಹೋಯಿತು.

"ದೊಂಬರಾಟ ಭೇಷಾಗೈತೆ! ತಮಟೆ ಒಂದು ಕಮ್ಮಿ!" ಎಂದು ಗುಂಪಿನಿಂದ ಯಾರೋ ಕೂಗಿದರು. ಒಬ್ಬ ಬಾಯಲ್ಲೇ ತಮಟೆ ಬಡಿದ.

ಅವನು ಮಣ್ಣು ಕೊಡವಿಕೊಳ್ಳದೆ ಬಂದು ಹಿರಿಯರ ಮುಂದೆ ನಿಂತ. "ಈ ಮನೆ ಹೆಣ್ಮಗಳ ಕೈಗೆ ಕೊಟ್ಟಿದ್ದೆ. ಆಯಮ್ಮನ್ನ ಕೇಳಿ."

ಮುದುಕರು ಮೊದಲು ನನ್ನ ಗಂಡನನ್ನು ಕೇಳಿದರು. ಸಿಪಾಯಿ ತಂದುಕೊಟ್ಟಾಗ ತಾವು ಮನೆಯಲ್ಲಿರದೆ ಸಿರಾದಲ್ಲಿದ್ದುದಾಗಿ ಅವರು ಹೇಳಿದರು. ನಿಜವೇ. ಆಮೇಲೆ ನನ್ನನ್ನು ಬಾಗಿಲಿಗೆ ಕರೆದರು. ಮುದುಕರು ನಿಷ್ಠುರದವರಲ್ಲ. ಸಾವಧಾನವಾಗಿಯೇ ಕೇಳಿದರು.

"ಇವೆರಡೂ ಒಂದೇ ಥರದವಾ, ತಾಯಿ?"

"ಹೂಂ, ಒಂದೇ ಥರದವು."

"ಎರಡೂ ನಿಮ್ಮನೇಲಿ ಎರೆದವಾ?"

"ಎರಡೂ ನಮ್ಮನೇವೇ."

"ಇವ್ನು ದಂಡಿಗೆ ಹೋಗಿದ್ದು, ಕೊಡೆ ಕಟ್ಕೊಂಡು ಎಗರಿದ್ದು, ನೀನು ಕಂಡಿದ್ದೀಯಾ?"

"ಇಲ್ಲ."

ಮೂರೂ ನಿಜ. ಒಂದರಲ್ಲೂ ಒಂದಕ್ಷರದ ಸುಳ್ಳಿಲ್ಲ. ಆ ಎರಡಲ್ಲದೆ ಇನ್ನೊಂದು ಇತ್ತೇ ಎಂದು ಮುದುಕರು ಕೇಳಿದರೆ ಹೇಳುವುದೆಂದು ಮನಸ್ಸಿನಲ್ಲಿ ಸಿದ್ಧವಾಗಿದ್ದೆ. ಗೀರು ಎಲ್ಲಿತ್ತು, ಮುದ್ರೆ ಎಲ್ಲಿತ್ತು, ಟೋಪಿಯ ಗುರುತು ಏಕೆ ದೊಡ್ಡದು, ಎಲ್ಲವೂ ನಾಲಗೆಯ ತುದಿಯಲ್ಲಿದ್ದವು. ಮುಂದಿನ ಪ್ರಶ್ನೆಗೆ ಕಾದೆ.

"ನಾನು ಕೊಟ್ಟಿದ್ದು ಹೇಳವ್ವಾ" ಎಂದ ಸಿಪಾಯಿ. "ನಿನ್ ಕೈಗೆ ಕೊಟ್ಟಿದ್ದು ಹೇಳು."

"ಏಯ್, ಸುಮ್ಕಿರು. ಕೇಳೋರು ನಾವು" ಎಂದು ಮುದುಕರು ಅವನನ್ನು ತಡೆದರು. ನನ್ನ ಕಡೆ ಇನ್ನೊಮ್ಮೆ ನೋಡಿದರು. ಎಷ್ಟು ಹೊತ್ತು ಎಂದರೆ, ನಾನು ಒಂದು ಮಾತು ಆಡಿ ಮುಗಿಸಬಹುದಾದಷ್ಟು ಹೊತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವರು ಮೊಣಕಾಲಿಗೆ ಕೈ ಊರಿ ಎದ್ದರು.

ಬಹಳ ವರ್ಷ ನಾನು ನನಗೆ ಹೇಳಿಕೊಂಡದ್ದು, ಯಾರೂ ಕೇಳಲಿಲ್ಲ ಎಂದು. ಅದು ಸರಿಯಲ್ಲ. ಅವನು ಕೇಳಿದ್ದ. ಮುದುಕರು ಅವನ ಬಾಯಿ ಮುಚ್ಚಿಸಿದ್ದರಿಂದ ಅವನ ಪ್ರಶ್ನೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗುರುತು ಸಿಗಲಿಲ್ಲ, ಹುಡುಗಿ ಅಣ್ಣನ ಮನೆಯಲ್ಲೇ ಇರಲಿ, ಅವರಿಷ್ಟದಂತೆ ಮುಂದಿನದು ಮಾಡಿಕೊಳ್ಳಲಿ ಎಂದರು. ಸಿಪಾಯಿ ಗಾಡಿಯ ಕಡೆ ಓಡಲು ಹೋದ. ನಾಲ್ಕು ಜನ ಅವನ ತೋಳು ಹಿಡಿದರು. ಯಾರದೋ ಕೈ ತಗುಲಿ ಟೋಪಿ ಬಿತ್ತು, ಒಬ್ಬ ಅದನ್ನು ಕಾಲಿನಿಂದ ಚರಂಡಿಗೆ ತಳ್ಳಿದ. ಗಾಡಿ ತಿರುಗಿಸುವಾಗ ಎತ್ತುಗಳು ತೊಡಕಿಕೊಂಡು ಸ್ವಲ್ಪ ತಡವಾಯಿತು. ಅಷ್ಟು ಹೊತ್ತೂ ಅವಳು ಕಮಾನಿನ ಒಳಗಿಂದ ಇತ್ತ ನೋಡುತ್ತಿದ್ದಳು. ಅವಳು ನೋಡುತ್ತಿದ್ದುದು ಅವನನ್ನೋ ನನ್ನನ್ನೋ, ದೂರದಿಂದ ತಿಳಿಯಲಿಲ್ಲ. ಗಾಡಿ ಪಾವಗಡದ ದಾರಿ ಹಿಡಿಯಿತು.

ಅವರು ಕೈ ಬಿಟ್ಟ ಮೇಲೆ ಅವನು ಜಗಲಿಯ ಕೆಳಗೆ ಬಂದು ನಿಂತ. ಬೈಯುತ್ತಾನೆ, ಹೊಡೆಯಲೂಬಹುದು ಎಂದುಕೊಂಡೆ. "ನಿಂಗೆ ಏನ್ ಮಾಡಿದ್ದೆ ನಾನು?" ಎಂದಷ್ಟೇ ಕೇಳಿದ. ನನ್ನ ಗಂಡ ಬಾಗಿಲು ಹಾಕಿದರು.

ಒಳಗೆ ಬಂದು ಅವರು, "ನೀನೇನೂ ಸುಳ್ಳು ಹೇಳಲಿಲ್ಲವಲ್ಲ, ಬುಡು" ಎಂದರು. ಮಾವನವರು ಮಲಗಿದ್ದಲ್ಲಿಂದಲೇ, "ಹುಡುಗೀನ ಕಳಿಸಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ.

ಅವನು ಕೊಳಾಲದ ಕಡೆ ಕೆಲವು ತಿಂಗಳಿದ್ದು ಎಲ್ಲಿಗೋ ಹೊರಟುಹೋದನೆಂದು ಕೇಳಿದೆ. ಅವನ ಕಾಗದದ ನಕಲು ಬಂತೋ ಇಲ್ಲವೋ ನನಗೆ ತಿಳಿಯದು.

ಆ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ ಒಂದು ಬೆಳಗ್ಗೆ ಅವಳ ಅಣ್ಣ ನಮ್ಮ ಅಂಗಡಿಗೆ ಬಂದ. ಮುಖದಲ್ಲಿ ಗೆಲುವಿತ್ತು. ತಂಗಿಗೆ ಬೇರೆ ಸಂಬಂಧ ಕುದುರಿದೆ, ಗಡಿಯಾಚೆಯ ಊರು, ಮೊದಲ ಹೆಂಡತಿ ತೀರಿದವನು, ಎರಡು ಮಕ್ಕಳಿವೆ, ಕೂಡಾವಳಿ ಮದುವೆ ಬರುವ ಸೋಮವಾರ ಎಂದ. ಕೊಡಲು ಒಂದು ಹಿತ್ತಾಳೆಯ ಬಿಂದಿಗೆ ಬೇಕಿತ್ತು.

"ಪಾವಗಡದಾಗೂ ಅಂಗಡಿ ಐತಮ್ಮ. ಆದ್ರೂ ನಿಮ್ಮಲ್ಲೇ ತಗೋಬೇಕು ಅಂತ ಬಂದೆ. ಆವತ್ತು ನೀವು ಉನ್ನದುನ್ನಟ್ಟು, ಇದ್ದದ್ದು ಇದ್ದಂಗೆ ಹೇಳಿದ್ರಿ. ಅದು ಮರೆಯಂಗಿಲ್ಲ."

ಬಿಂದಿಗೆಯನ್ನು ಅವನೇ ಆರಿಸಿದ. ಕೊಡುವ ಪಾತ್ರೆಯ ಕಂಠದ ಮೇಲೆ ಹೆಣ್ಣಿನ ಹೆಸರನ್ನು ಚುಕ್ಕೆಚುಕ್ಕೆಯಾಗಿ ಕೊರೆಸುವುದು ರೂಢಿ. ನಮ್ಮ ಮನೆಯಲ್ಲಿ ಅಕ್ಷರ ಕೊರೆಯುವವಳು ನಾನೇ. ಹೆಸರೇನು ಎಂದು ಕೇಳಿದೆ. ಅವನು ಹೇಳಿದ. ಅವಳ ಹೆಸರು ನನಗೆ ತಿಳಿದದ್ದು ಆಗ.

ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಳಿಯನ್ನೂ ಸಣ್ಣ ಸುತ್ತಿಗೆಯನ್ನೂ ತಗೊಂಡು ಕೂತೆ. ಅವನು ಎದುರಿಗೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕಾದ. ನಾಲ್ಕು ಅಕ್ಷರದ ಹೆಸರು. ಒಂದು ಚುಕ್ಕೆಯೂ ಸಾಲು ತಪ್ಪಲಿಲ್ಲ.